ಕೈಪಿಡಿ ಕಳೆದ ಮೇಲೆ: ಫಾರ್ಸ್ಟರನ ಫ್ಲಾರೆನ್ಸಿನಲ್ಲಿ ಕಲಾಪ್ರವಾಸ ಮತ್ತು ಪ್ರಣಯ

ಇ. ಎಂ. ಫಾರ್ಸ್ಟರನ ‘ಎ ರೂಮ್ ವಿತ್ ಎ ವ್ಯೂ’ (1908) ಕಾದಂಬರಿಯನ್ನು ಪ್ರಕೃತಿ ಕಲೆಯನ್ನು ಗೆದ್ದ ಕಥೆಯೆಂದು ಓದಲು ಅವಕಾಶವಿದೆ. ಫ್ಲಾರೆನ್ಸಿನ ಚರ್ಚು, ಚಿತ್ರಶಾಲೆಗಳನ್ನು ಸುತ್ತಿದ ಇಂಗ್ಲಿಷ್ ಯುವತಿ ಲೂಸಿಗೆ ಒಲವು ಎದುರಾಗುವುದು ಫಿಯೆಸೊಲೆಯ ಬೆಟ್ಟದ ಹೂಗಳ ನಡುವೆ, ಜಾರ್ಜ್ ಎಮರ್ಸನ್ ಕೊಟ್ಟ ಅನಿರೀಕ್ಷಿತ ಮುತ್ತಿನಲ್ಲಿ. ಆದರೆ ಈ ಓದು ಅರ್ಧ ಮಾತ್ರ ಸರಿ. ಫಾರ್ಸ್ಟರನ ವಿನೋದಕ್ಕೆ ಗುರಿಯಾಗುವವರು ಕಲೆಗೂ ನೋಡುಗರಿಗೂ ನಡುವೆ ನಿಂತ ಮಧ್ಯವರ್ತಿಗಳು ಎಂಬುದು ಈ ಲೇಖನದ ವಾದ.

18ನೆಯ ಶತಮಾನದ ‘ಗ್ರ್ಯಾಂಡ್ ಟೂರ್’ ಬಹುಮಟ್ಟಿಗೆ ಸಿರಿವಂತ ತರುಣರದು. ರೈಲು ಮಾರ್ಗಗಳು, 1864ರಲ್ಲಿ ಇಟಲಿಗೂ ಹಬ್ಬಿದ ಥಾಮಸ್ ಕುಕ್‌ನ ಪ್ರವಾಸಗಳು, ಮರೆ ಮತ್ತು ಬೇಡೆಕರ್ ಕೈಪಿಡಿಗಳು ಅದನ್ನು ಮಧ್ಯಮವರ್ಗಕ್ಕೂ ಹೆಂಗಸರಿಗೂ ತೆರೆದವು. ಫಾರ್ಸ್ಟರನೂ 1901ರಲ್ಲಿ ತಾಯಿಯೊಂದಿಗೆ ಇಟಲಿಗೆ ಹೋಗಿ ಪ್ರವಾಸಿಗರ ವಸತಿಗೃಹಗಳಲ್ಲಿ ತಂಗಿದ್ದ. ಕಾದಂಬರಿಯ ಬೆರ್ಟೊಲಿನಿ ವಸತಿಗೃಹದ ಒಡತಿ ಲಂಡನ್ನಿನವಳು. ಗೋಡೆಯ ಮೇಲೆ ವಿಕ್ಟೋರಿಯಾ ರಾಣಿಯ ಚಿತ್ರ. ಇಟಲಿ ನೋಡಲು ಬಂದವರು ಇಂಗ್ಲೆಂಡಿನಲ್ಲೇ ಊಟಕ್ಕೆ ಕೂರುತ್ತಾರೆ.

ಮೊದಲ ಮಧ್ಯವರ್ತಿ ಪುಸ್ತಕ. ಲೇಖಕಿ ಮಿಸ್ ಲ್ಯಾವಿಶ್ ಬೇಡೆಕರ್ ಕಿತ್ತುಕೊಂಡು ಮಾಯವಾದಾಗ ಲೂಸಿ ಸಾಂತಾ ಕ್ರೋಚೆ ಚರ್ಚಿನಲ್ಲಿ ಒಂಟಿಯಾಗುತ್ತಾಳೆ. ಕಲಾವಿಮರ್ಶಕ ರಸ್ಕಿನ್ ಹೊಗಳಿದ ಸಮಾಧಿಶಿಲೆ ಯಾವುದೆಂದು ಹೇಳುವವರಿಲ್ಲ. ಹೀಗಾಗಿ ಯಾವುದನ್ನು ಮೆಚ್ಚಬೇಕೆಂದೂ ತಿಳಿಯದು. ಅಲ್ಲೇ ಪಾದ್ರಿ ಈಗರ್, ಜೊತ್ತೊನ ಭಿತ್ತಿಚಿತ್ರಗಳ ಕುರಿತು ಭಕ್ತಿಭಾವದಿಂದ ಉಪನ್ಯಾಸ ಮಾಡುತ್ತಿದ್ದಾನೆ. ಜಾರ್ಜ್‌ನ ತಂದೆ, ಹಿರಿಯ ಎಮರ್ಸನ್, ಅದನ್ನು ಗಟ್ಟಿದನಿಯಲ್ಲೇ ಅಲ್ಲಗಳೆಯುತ್ತಾನೆ. ಇಲ್ಲೊಂದು ಐತಿಹಾಸಿಕ ವ್ಯಂಗ್ಯವಿದೆ: ಆ ಚರ್ಚಿನ ಪೆರುಝಿ ಚಾಪೆಲ್ಲಿನ ಈ ಚಿತ್ರಗಳು ಬಹುಕಾಲ ಸುಣ್ಣದಡಿ ಮುಚ್ಚಿಹೋಗಿದ್ದವು. 19ನೆಯ ಶತಮಾನದಲ್ಲಿ ಅವನ್ನು ಹೊರತೆಗೆದವರು ತಮ್ಮದೇ ಬಣ್ಣವನ್ನೂ ಮೇಲೆ ಬಳಿದರು; ಅದನ್ನು ತೆಗೆದದ್ದು 20ನೆಯ ಶತಮಾನದ ಮಧ್ಯದಲ್ಲಿ. ಲೂಸಿಯ ಕಾಲದ ಪ್ರವಾಸಿಗರು ಭಕ್ತಿಯಿಂದ ಕಂಡ ಜೊತ್ತೊನಲ್ಲಿ ದುರಸ್ತಿಗಾರರ ಪಾಲೂ ಇತ್ತು.

ಎರಡನೆಯದು ಫೋಟೊ. ಬೋಟಿಚೆಲ್ಲಿಯ ‘ವೀನಸ್‌ಳ ಜನನ’ದ ಪ್ರತಿ ಕೊಳ್ಳುವುದು ಸೋದರಸಂಬಂಧಿ ಶಾರ್ಲಟ್‌ಗೆ ಒಪ್ಪಿಗೆಯಿಲ್ಲ, ದೇವಿ ಬೆತ್ತಲೆ. ಒಬ್ಬಳೇ ಹೊರಬಿದ್ದ ಲೂಸಿ ಅಲಿನಾರಿ ಅಂಗಡಿಯಲ್ಲಿ ಅದೂ ಸೇರಿ ಸುಮಾರು ಏಳು ಲೀರಾದ ಚಿತ್ರಗಳನ್ನು ಕೊಳ್ಳುತ್ತಾಳೆ. ಸ್ವಲ್ಪ ಹೊತ್ತಿಗೆ ಸಿನ್ಯೋರಿಯಾ ಚೌಕದಲ್ಲಿ ಐದು ಲೀರಾ ಸಾಲಕ್ಕಾಗಿ ಒಬ್ಬನ ಕೊಲೆಯಾಗುತ್ತದೆ. ಮೂರ್ಛೆ ಹೋದವಳನ್ನು ಹಿಡಿದುಕೊಂಡ ಜಾರ್ಜ್, ರಕ್ತ ಸಿಡಿದ ಚಿತ್ರಗಳನ್ನು ಆರ್ನೊ ನದಿಗೆ ಎಸೆಯುತ್ತಾನೆ. ಅವಳ ಸಣ್ಣ ಬಂಡಾಯದ ಗುರುತು ನೀರುಪಾಲಾದ ಕ್ಷಣದಲ್ಲೇ ಇಬ್ಬರ ನಡುವೆ ಮುಚ್ಚುಮರೆಯಿಲ್ಲದ ಮಾತು ಶುರುವಾಗುತ್ತದೆ.

ಮೂರನೆಯ ಮಧ್ಯವರ್ತಿ ಸ್ವತಃ ರಸಿಕ. ಇಂಗ್ಲೆಂಡಿನಲ್ಲಿ ಲೂಸಿಯನ್ನು ವರಿಸಲು ಹೊರಟ ಸೆಸಿಲ್ ವೈಸ್ ಅವಳಲ್ಲಿ ಲಿಯೊನಾರ್ಡೊ ಬಿಡಿಸಿದ ಹೆಣ್ಣನ್ನು ಕಾಣುತ್ತಾನೆ. ಪುಸ್ತಕವಾದರೆ ಕಳೆದುಹೋಗುತ್ತದೆ, ಫೋಟೊ ಹೊಳೆ ಸೇರುತ್ತದೆ. ಸೆಸಿಲ್‌ನ ಕಣ್ಣಿನಿಂದ ತಪ್ಪಿಸಿಕೊಳ್ಳಲು ಲೂಸಿ ನಿಶ್ಚಿತಾರ್ಥವನ್ನೇ ಮುರಿಯಬೇಕು.

ಹಾಗೆಂದು ಕಾದಂಬರಿ ಕಲೆಗೆ ಬೆನ್ನು ತಿರುಗಿಸಿದೆಯೆ? ಸೆಸಿಲ್ ಎಮರ್ಸನ್ನರನ್ನು ಭೇಟಿಯಾಗುವುದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ, ಅವರು ಸಿನ್ಯೊರೆಲ್ಲಿಯ ಚಿತ್ರ ಮೆಚ್ಚುತ್ತಿದ್ದಾಗ. ಅವರ ಮೆಚ್ಚುಗೆ ಅವನಿಗೆ ಪೆದ್ದುತನ. ನೆರೆಯವನೊಬ್ಬನಿಗೆ ಮುಜುಗರ ಮಾಡುವ ಹುರುಪಿನಲ್ಲಿ ಅವರನ್ನು ಲೂಸಿಯ ಊರಿನಲ್ಲೇ ಬಾಡಿಗೆಗೆ ಇರಿಸುತ್ತಾನೆ. ತನ್ನ ಪ್ರತಿಸ್ಪರ್ಧಿಯನ್ನು ತಾನೇ ಕರೆತಂದೆನೆಂಬುದು ಅವನಿಗೆ ಹೊಳೆಯುವುದಿಲ್ಲ. ಅಗಲಿದವರನ್ನು ಕೂಡಿಸಲು ಫಾರ್ಸ್ಟರ್ ಆರಿಸಿಕೊಂಡ ದಾರಿ ಚಿತ್ರಶಾಲೆಯ ಮೂಲಕವೇ ಹಾಯುತ್ತದೆ. ಕೈಪಿಡಿಯಿಲ್ಲದೆ ಚಿತ್ರ ನೋಡಬಲ್ಲವರಿಗೇ ಈ ಕಥೆಯಲ್ಲಿ ಒಲವೂ ದಕ್ಕುತ್ತದೆ.