ಕೂಲಿಮಠ

ಹಳೆಯ ಮೈಸೂರು ಮತ್ತು ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಬ್ರಿಟಿಷರ ಆಳ್ವಿಕೆಯ ಕಾಲದಲ್ಲೂ ನಡೆದುಬಂದ ಖಾಸಗಿ ಶಾಲೆ. ಇದಕ್ಕೆ ಒಬ್ಬರೇ ಉಪಾಧ್ಯಾಯರು. ಮಕ್ಕಳ ಮನೆಯವರು ಕೊಡುವ ಕೂಲಿಯಿಂದಲೇ ನಡೆಯುತ್ತಿದ್ದುದರಿಂದ ಈ ಹೆಸರು. ಕಲಿಸುವವರು ‘ಐಗಳು’, ಆದ್ದರಿಂದ ‘ಐಗಳ ಮಠ’ ಎಂದೂ ಕರೆಯುತ್ತಿದ್ದರು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರದ ಜಿಲ್ಲೆಗಳಲ್ಲಿ ಇಂಥವಕ್ಕೆ ‘ಗಾಂವಠಿ ಶಾಲೆ’ ಎಂಬ ಮಾತಿತ್ತು. ಊರಿನ ಯಾರದೋ ಮನೆಯ ಜಗಲಿ, ಗುಡಿಯ ಮಂಟಪ, ಮಠದ ಪಡಸಾಲೆ, ಹೀಗೆ ನೆರಳಿದ್ದ ಕಡೆ ಪಾಠ.

ಕೂಲಿಮಠದ ದಿನಚರಿ ನಮಗೆ ವಿವರವಾಗಿ ತಿಳಿದಿರುವುದು ಒಂದು ಸರ್ಕಾರಿ ವರದಿಯಿಂದ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತ್ಯದ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು; ಎಂದರೆ ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು. 235 ಶಾಲೆಗಳು ಕನ್ನಡದವು, 226 ತೆಲುಗಿನವು. ಇಂಗ್ಲಿಷಿನದು ಒಂದೇ ಒಂದು. ಹುಡುಗಿಯರು ಇಡೀ ಜಿಲ್ಲೆಗೆ 60 ಮಂದಿ.

ಐದನೆಯ ವಯಸ್ಸಿಗೆ ಅಕ್ಷರಾಭ್ಯಾಸ. ಐಗಳೂ ಶಾಲೆಯ ಮಕ್ಕಳೂ ಹೊಸ ಹುಡುಗನ ಮನೆಗೇ ಬಂದು ಗಣಪತಿಯ ಸುತ್ತ ಕೂರುತ್ತಿದ್ದರು. ಪೂಜೆಯಾದ ಮೇಲೆ ಐಗಳು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರು ಬರೆಸುವರು. ಮರುದಿನದಿಂದ ಮಠ.

ಬೆಳಗಿನ ಆರಕ್ಕೇ ಶಾಲೆ ತೆರೆಯುತ್ತಿತ್ತು. ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ತಡವಾದಷ್ಟೂ ಏಟು ಏರುತ್ತಿತ್ತು. ಶಿಕ್ಷೆಗಳು ಕಠೋರವಾಗಿದ್ದವು. ನಾಗರಬೆತ್ತದ ಹೊಡೆತ, ನಿಲ್ಲಿಸದೆ ಬಸ್ಕಿ, ಕೈಗಳೆರಡನ್ನೂ ಕಟ್ಟಿ ಸೂರಿನಿಂದ ತೂಗಿಬಿಡುವ ‘ಕೋದಂಡ’. ಶಿಸ್ತಿನ ಹೆಸರಿನಲ್ಲಿ ಎಳೆಯ ಮಕ್ಕಳು ಪಟ್ಟ ಈ ಹಿಂಸೆಯನ್ನು ಹಳೆಯ ಕಾಲದ ಗುಣಗಾನದಲ್ಲಿ ಮರೆಮಾಚುವುದು ಸರಿಯಲ್ಲ.

ಬರವಣಿಗೆಯ ಕ್ರಮ ಮಾತ್ರ ನಿಜಕ್ಕೂ ಮೆಚ್ಚುವಂಥದು. ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ತಿದ್ದಬೇಕು. ಕೈ ಕುದುರಿದ ಮೇಲೆ ಹಲಗೆ ಮತ್ತು ಕಡತ. ಬಟ್ಟೆಗೆ ಅಂಟು, ಇದ್ದಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ್ದು ಕಡತ. ಅದರ ಮೇಲೆ ಬಳಪದಿಂದ ಬರೆದು, ಅಳಿಸಿ, ಮತ್ತೆ ಬರೆಯಬಹುದು. ಮುಂದುವರಿದವರಿಗೆ ಓಲೆಗರಿ ಮತ್ತು ಕಬ್ಬಿಣದ ಕಂಠ, ಕಾಗದ ಮತ್ತು ಲೆಕ್ಕಣಿಕೆ. ಕಲಿಕೆಯ ಸಾಮಗ್ರಿಗೆ ಹೀಗೆ ಹೆಚ್ಚು ಖರ್ಚಿರಲಿಲ್ಲ. ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳುತ್ತಿದ್ದುದರಿಂದ ಒಬ್ಬ ಐಗಳಿಗೆ ಎಲ್ಲ ತರಗತಿಗಳನ್ನೂ ನಿಭಾಯಿಸಲು ಸಾಧ್ಯವಾಗುತ್ತಿತ್ತು. ಇದೇ ಬಗೆಯ ಮರಳ ಬರಹವನ್ನು ಮದರಾಸಿನ ಬಳಿ ಕಂಡ ಪಾದ್ರಿ ಆ್ಯಂಡ್ರೂ ಬೆಲ್ 1797ರಲ್ಲಿ ಪುಸ್ತಕ ಬರೆದು, ಹುಡುಗರೇ ಹುಡುಗರಿಗೆ ಕಲಿಸುವ ‘ಮದರಾಸ್ ಪದ್ಧತಿ’ಯನ್ನು ಇಂಗ್ಲೆಂಡಿಗೆ ಒಯ್ದ. ಅಲ್ಲಿಯವರು ನಮ್ಮನ್ನು ಅನುಸರಿಸಿದ್ದು ಯೋಗ್ಯವೇ ಎಂದು ಕ್ಯಾಂಪ್‌ಬೆಲ್ ಒಪ್ಪಿಕೊಂಡಿದ್ದಾನೆ.

ಕಾಗುಣಿತ, ಮಗ್ಗಿ, ಕಾಲು ಅರೆ ಮುಕ್ಕಾಲಿನ ಲೆಕ್ಕ, ಪತ್ರ ಬರೆಯುವ ರೀತಿ ಇವು ಮುಖ್ಯ ಪಾಠಗಳು. ರಾಮಾಯಣ, ಭಾರತ, ಭಾಗವತಗಳನ್ನು ಓದಿಸುತ್ತಿದ್ದರು. ಲಿಂಗಾಯತ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣ. ಆದರೆ ಕಾವ್ಯದ ಭಾಷೆಗೂ ಮನೆಮಾತಿಗೂ ದೂರವಿತ್ತು. ಮಕ್ಕಳು ಅರ್ಥ ತಿಳಿಯದೆ ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು, ಎಷ್ಟೋ ಕಡೆ ಐಗಳಿಗೂ ಅರ್ಥ ಗೊತ್ತಿರಲಿಲ್ಲ. ಮಹಾನವಮಿ ಬಂದರೆ ಮಕ್ಕಳು ಐಗಳ ಜೊತೆ ಮನೆಮನೆಗೆ ಹೋಗಿ ಚೌಪದ ಹೇಳುತ್ತಿದ್ದರು. ಸಿಕ್ಕ ಕಾಣಿಕೆ ಐಗಳಿಗೆ.

ಒಬ್ಬ ಹುಡುಗನಿಗೆ ತಿಂಗಳ ಕೂಲಿ ನಾಲ್ಕಾಣೆಯಿಂದ ಒಂದು ರೂಪಾಯಿ. ಐಗಳಿಗೆ ಎಲ್ಲ ಸೇರಿ ಆರೇಳು ರೂಪಾಯಿ ಸಿಕ್ಕರೆ ಹೆಚ್ಚು. ಅಷ್ಟನ್ನೂ ತೆರಲಾರದ ಮನೆಗಳು ಬೆಳೆಯುತ್ತಿದ್ದವು. ವಿಲಾಯಿತಿ ಬಟ್ಟೆ ಬಂದು ನೇಕಾರರ ಮಗ್ಗ ನಿಂತಿತ್ತು. ಕೈಕಾಲು ಬಲಿಯುವ ಮೊದಲೇ ಮಕ್ಕಳನ್ನು ಬಿಡಿಸಿ ದುಡಿಮೆಗೆ ಹಚ್ಚುತ್ತಿದ್ದರು. ಶಾಲೆಗಳು ಸೊರಗಲು ಬಡತನವೇ ಕಾರಣವೆಂದೂ ಜಿಲ್ಲೆಯ 533ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆಂದೂ ಆ ಕಲೆಕ್ಟರ್ ನಾಚಿಕೆಯಿಂದ ಬರೆದ. ಅಸ್ಪೃಶ್ಯರೆನಿಸಿದವರ ಮಕ್ಕಳಿಗಂತೂ ಕೂಲಿ ತೆರುವ ಪ್ರಶ್ನೆಗಿಂತ ಮೊದಲೇ, ಸಾಮಾನ್ಯವಾಗಿ ಜಗಲಿ ಹತ್ತುವ ಹಕ್ಕೇ ಇರಲಿಲ್ಲ.

ಶಿಕ್ಷಣ ಕುರಿತ 1854ರ ವುಡ್ ನಿರೂಪದ ತರುವಾಯ ಸರ್ಕಾರಿ ಶಾಲೆಗಳು ಹಳ್ಳಿಗಳತ್ತ ಬಂದವು. ಮೈಸೂರಿನಲ್ಲಿ ಶಿಕ್ಷಣ ಇಲಾಖೆಯ ಬಿ. ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಮುಂದಿಟ್ಟರು. ಬೆಳಗಾವಿ, ಧಾರವಾಡದ ಕಡೆ ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಊರೂರು ತಿರುಗಿದರು. ಆದರೂ ಮನೆಗೇ ಮೇಷ್ಟರನ್ನು ಕರೆಸಿ ಓದಿಸುವ ರೂಢಿ ಮಲೆನಾಡಿನಲ್ಲಿ ಇಪ್ಪತ್ತನೆಯ ಶತಮಾನಕ್ಕೂ ಉಳಿದಿತ್ತು. ಕುವೆಂಪು ಅವರ ಮೊದಲ ಪಾಠಗಳು ಕುಪ್ಪಳಿಯಲ್ಲಿ, ದಕ್ಷಿಣ ಕನ್ನಡದಿಂದ ಬಂದ ಮೇಷ್ಟರಿಂದಲೇ ನಡೆದವು. ಬಳ್ಳಾರಿಯ ಆ ಕಲೆಕ್ಟರನ ವರದಿ 1983ರಲ್ಲಿ ಇತಿಹಾಸ ಸಂಶೋಧಕ ಧರ್ಮಪಾಲರ ‘ದಿ ಬ್ಯೂಟಿಫುಲ್ ಟ್ರೀ’ ಗ್ರಂಥದ ಮೂಲಕ ಮತ್ತೆ ಓದುಗರ ಕೈಗೆ ಬಂತು. ಮಕ್ಕಳು ಬಳಪದಿಂದ ಬರೆಯುತ್ತಿದ್ದ ಕಡತದ ಹೆಸರು ಈಗ ಸರ್ಕಾರಿ ಕಚೇರಿಗಳ ಫೈಲಿಗೆ ಸಂದಿದೆ.