ನೀನು, ನೀವು ಮತ್ತು ಕೊರಿಯಾ

ಭಾಗ 1/6: ಲಿಸ್ಟ್ ಗೊತ್ತು, ಕಾರಣ ಗೊತ್ತಾ?

ಕೊರಿಯಾಗೆ ಮೊದಲ ಸಲ ಹೋಗೋರು ಏನೇನು ಮಾಡಬಾರದು ಅನ್ನೋ ರೀಲ್ಸ್ ಎಲ್ಲರ ಫೀಡಲ್ಲೂ ಬರ್ತಿವೆ. ಅನ್ನದಲ್ಲಿ ಚಾಪ್‌ಸ್ಟಿಕ್ ನೆಡಬೇಡಿ, ಕೆಂಪು ಪೆನ್ನಲ್ಲಿ ಹೆಸರು ಬರೀಬೇಡಿ, ದೊಡ್ಡವರಿಗೆ ಒಂದೇ ಕೈಯಲ್ಲಿ ಕೊಡಬೇಡಿ. ಲಿಸ್ಟ್ ಸರಿಯಾಗೇ ಇದೆ. ಆದ್ರೆ ಯಾಕೆ ಅಂತ ಯಾರೂ ಹೇಳಲ್ಲ. ಈ ಸೀರೀಸ್ ಆ ‘ಯಾಕೆ’ ಬಗ್ಗೆ.

ಕೊರಿಯಾ ಎಲ್ಲೋ ದೂರ ಇದೆ ಅನ್ಕೋಬೇಡಿ. ನಮ್ಮ ಪಾವಗಡ, ಮಧುಗಿರಿ ಕಡೆಯಿಂದ ಗಡಿ ದಾಟಿದ್ರೆ ಆಂಧ್ರದ ಪೆನುಕೊಂಡ. 1565ರ ತಾಳಿಕೋಟೆ ಯುದ್ಧದಲ್ಲಿ ಸೋತ ಮೇಲೆ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಊರು ಅದು. ಅದರ ಹತ್ತಿರವೇ 2019ರಿಂದ ಕೊರಿಯಾದ ಕಿಯಾ ಕಂಪನಿ ಕಾರು ತಯಾರಿಸ್ತಿದೆ. ಅಂದ್ರೆ ಕೊರಿಯನ್ ಮ್ಯಾನೇಜರ್ ಎದುರು ಕೂರೋಕೆ ನಾವು ಸಿಯೋಲ್‌ವರೆಗೂ ಹೋಗಬೇಕಾಗಿಲ್ಲ.

ಭಾಗ 2/6: ಅನ್ನ ಮತ್ತು ಹಿರಿಯರು

ಚಾಪ್‌ಸ್ಟಿಕ್ ಯಾಕೆ ನೆಡಬಾರದು? ಕೊರಿಯಾದಲ್ಲಿ ಸತ್ತ ಹಿರಿಯರಿಗೆ ಮಾಡೋ ಪೂಜೆಗೆ ‘ಜೆಸಾ’ ಅಂತಾರೆ. ಅದರಲ್ಲಿ ಎಡೆ ಇಟ್ಟ ಅನ್ನದ ಬಟ್ಟಲಿಗೆ ಚಮಚ ನೆಟ್ಟು ನಿಲ್ಲಿಸ್ತಾರೆ. ಊಟದ ಟೇಬಲ್ ಮೇಲೆ ನಾವು ಹಾಗೇ ಮಾಡಿದ್ರೆ ಎದುರಿಗೆ ಕೂತಿರೋ ಜೀವಂತ ಮನುಷ್ಯನ ಮುಂದೆ ತಿಥಿ ಎಡೆ ಇಟ್ಟ ಹಾಗೆ. ನಮ್ಮ ಮನೇಲಿ ಯಾರಾದ್ರೂ ಹೀಗೆ ಮಾಡಿದ್ರೆ ಅಜ್ಜಿ ಸುಮ್ಮನೆ ಬಿಡ್ತಾರಾ?

ಇನ್ನೊಂದು ಸ್ವಾರಸ್ಯ. ಕೊರಿಯಾದ ದೊಡ್ಡ ಹಬ್ಬ ‘ಚುಸೋಕ್’ ಬರೋದು ಅವರ ಎಂಟನೇ ತಿಂಗಳ ಹುಣ್ಣಿಮೆಗೆ. ಊರಿಗೆ ಹೋಗಿ ಹಿರಿಯರಿಗೆ ಎಡೆ ಇಡ್ತಾರೆ, ಸಮಾಧಿ ಹತ್ತಿರ ಹುಲ್ಲು ಕೀಳ್ತಾರೆ. ಹೆಚ್ಚಿನ ವರ್ಷಗಳಲ್ಲಿ ಅದು ನಮ್ಮ ಭಾದ್ರಪದ ಹುಣ್ಣಿಮೆಯ ಆಸುಪಾಸಲ್ಲೇ ಬೀಳುತ್ತೆ. ನಮ್ಮ ಪಿತೃಪಕ್ಷ ಶುರುವಾಗೋದೂ ಆವಾಗಲೇ. 2024ರಲ್ಲಿ ಚುಸೋಕ್ ಸೆಪ್ಟೆಂಬರ್ 17ಕ್ಕೆ ಇತ್ತು, ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ.

ನಾಲ್ಕನೇ ನಂಬರ್ ಭಯವೂ ಇದೇ ಜಾತಿಯದು. ಕೊರಿಯನ್‌ನಲ್ಲಿ ನಾಲ್ಕಕ್ಕೆ ‘ಸಾ’ ಅಂತಾರೆ. ಚೀನೀ ಮೂಲದ ಸಾವು ಅನ್ನೋ ಪದಕ್ಕೂ ಅದೇ ಉಚ್ಚಾರ. ಅದಕ್ಕೇ ಕೆಲವು ಲಿಫ್ಟಲ್ಲಿ 4ರ ಜಾಗದಲ್ಲಿ ‘ಎಫ್’ ಅಕ್ಷರ ಇರುತ್ತೆ. ನಗಬೇಡಿ. ಮನೆಯಿಂದ ಹೊರಡುವಾಗ ನಾವೂ ‘ಹೋಗ್ತೀನಿ’ ಅನ್ನಲ್ಲ, ‘ಹೋಗ್ಬರ್ತೀನಿ’ ಅಂತೀವಿ.

ಭಾಗ 3/6: ‘ನಿಮಗೆಷ್ಟು ವಯಸ್ಸು?’

ಪರಿಚಯ ಆದ ಐದೇ ನಿಮಿಷಕ್ಕೆ ಕೊರಿಯನ್ನರು ವಯಸ್ಸು ಕೇಳಬಹುದು. ಅಧಿಕಪ್ರಸಂಗ ಅಲ್ಲ. ವಯಸ್ಸು ಗೊತ್ತಾಗದೆ ಅವರಿಗೆ ಕ್ರಿಯಾಪದ ಮುಗಿಸೋದೇ ಕಷ್ಟ. ಗೌರವದ ಮಾತು ‘ಜೊಂಡೆನ್‌ಮಾಲ್’, ಸಲುಗೆಯ ಮಾತು ‘ಬನ್‌ಮಾಲ್’. ನಮ್ಮ ‘ಬನ್ನಿ’, ‘ಬಾ’ ಇದ್ದ ಹಾಗೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದನ್ನ ವಿವರಿಸೋಕೆ ಒಂದು ಗಂಟೆ ಬೇಕು. ಕನ್ನಡದವರಿಗೆ ಒಂದು ಸಾಲು ಸಾಕು.

ಒಂದು ವರ್ಷ ದೊಡ್ಡವರಾದ್ರೂ ಬರೀ ಹೆಸರು ಹಿಡಿದು ಕರೆಯಲ್ಲ. ಹುಡುಗಿ ಅಕ್ಕನಿಗೆ ‘ಒನ್ನಿ’ ಅಂತಾಳೆ, ಹುಡುಗ ‘ನೂನಾ’ ಅಂತಾನೆ. ಗುಬ್ಬಿ ಬಸ್ಸಲ್ಲಿ ಪರಿಚಯವೇ ಇಲ್ಲದವರನ್ನೂ ಅಣ್ಣ, ಅಕ್ಕ ಅನ್ನೋ ನಮಗೆ ಇದು ಹೊಸದಲ್ಲ.

ಭಾಗ 4/6: ಈ ರೂಢಿ ಬಂದಿದ್ದು ಎಲ್ಲಿಂದ?

1392ರಿಂದ 1910ರವರೆಗೆ ಕೊರಿಯಾ ಆಳಿದ್ದು ಜೋಸನ್ ರಾಜವಂಶ. ಅವರು ಕನ್‌ಫ್ಯೂಶಿಯಸ್‌ನ ತತ್ವವನ್ನ ರಾಜ್ಯದ ತಳಪಾಯ ಮಾಡಿಕೊಂಡರು. ರಾಜ-ಪ್ರಜೆ, ತಂದೆ-ಮಗ, ಗಂಡ-ಹೆಂಡತಿ, ಹಿರಿಯ-ಕಿರಿಯ, ಗೆಳೆಯ-ಗೆಳೆಯ ಅಂತ ಐದು ಸಂಬಂಧ. ಇದರಲ್ಲಿ ಸಮಾನರ ನಡುವಿನದು ಕೊನೆಯದು ಮಾತ್ರ. ದೊಡ್ಡವರು ಚಮಚ ಎತ್ತೋವರೆಗೂ ಕಾಯೋದು, ಅವರ ಮುಂದೆ ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸೋದು, ಎರಡೂ ಕೈಯಲ್ಲಿ ಕೊಡೋದು, ತಗೊಳ್ಳೋದು ಎಲ್ಲಾ ಈ ಹಿರಿಯ-ಕಿರಿಯ ಲೆಕ್ಕಕ್ಕೇ ಸೇರಿದ್ದು.

ಇಲ್ಲಿವರೆಗೂ ಚೆನ್ನಾಗಿದೆ. ಮುಂದಿನ ಭಾಗ ರೀಲ್ಸಲ್ಲಿ ಬರಲ್ಲ.

ಭಾಗ 5/6: ಬೆಕ್‌ಜಾಂಗ್

ಜೋಸನ್ ಸಮಾಜದಲ್ಲಿ ಮೇಲೆ ‘ಯಾಂಗ್‌ಬಾನ್’ ಅನ್ನೋ ಕುಲೀನರು, ತೀರಾ ಕೆಳಗೆ ‘ಬೆಕ್‌ಜಾಂಗ್’. ದನ ಕಡಿಯೋದು, ಚರ್ಮದ ಕೆಲಸ, ಬುಟ್ಟಿ ಹೆಣೆಯೋದು ಇವರ ಕಸುಬು. ಊರಾಚೆ ಬೇರೆ ಕೇರಿಯಲ್ಲಿ ವಾಸ. ಹೆಂಚಿನ ಮನೆ ಕಟ್ಟೋ ಹಾಗಿಲ್ಲ, ರೇಷ್ಮೆ ಉಡೋ ಹಾಗಿಲ್ಲ. ಇನ್ನೊಂದು ನಿಯಮ ಕೇಳಿ: ಎಷ್ಟೇ ವಯಸ್ಸಾದ ಬೆಕ್‌ಜಾಂಗ್ ಆದ್ರೂ ಬೇರೆಯವರ ಚಿಕ್ಕ ಮಕ್ಕಳಿಗೂ ಬಹುವಚನದಲ್ಲೇ ಮಾತಾಡಬೇಕು. ಆ ಮಕ್ಕಳು ಅವರನ್ನ ಏಕವಚನದಲ್ಲಿ ಕರೀತಿದ್ವು.

ವಯಸ್ಸಿಗೆ ಗೌರವ ಅಂದ್ರಲ್ಲ, ಈಗ ಎಲ್ಲಿ ಹೋಯ್ತು ವಯಸ್ಸು?

1894ರ ಸುಧಾರಣೆಯಲ್ಲಿ ಈ ಭೇದ ಕಾನೂನಿನಿಂದ ಹೋಯ್ತು, ಬೀದಿಯಿಂದ ಹೋಗಲಿಲ್ಲ. ಇವರ ಮಕ್ಕಳನ್ನ ಶಾಲೆಗೆ ಸೇರಿಸಿಕೊಳ್ಳೋಕೂ ಜನ ಬಿಡ್ತಿರಲಿಲ್ಲ. 1923ರಲ್ಲಿ ಜಿಂಜು ಪಟ್ಟಣದಲ್ಲಿ ಬೆಕ್‌ಜಾಂಗ್‌ರು, ಅವರ ಜೊತೆ ನಿಂತ ಬೇರೆಯವರೂ ಸೇರಿ ‘ಹ್ಯೊಂಗ್‌ಪ್ಯೊಂಗ್‌ಸಾ’ ಅನ್ನೋ ಸಂಘ ಕಟ್ಟಿದರು. ಹೆಸರಿನ ಹಿಂದೆ ಇರೋದು ಮಾಂಸ ತೂಗೋ ತಕ್ಕಡಿ: ಎರಡೂ ತಟ್ಟೆ ಸಮ ಇರಲಿ ಅಂತ.

ಆ ಜಗಳ ಬೇರೆ ರೂಪದಲ್ಲಿ ಇವತ್ತಿಗೂ ಇದೆ. ಅಧಿಕಾರ ಇರೋರು ಕೆಳಗಿನವರ ಮೇಲೆ ದರ್ಪ ತೋರಿಸೋದಕ್ಕೆ ಅಲ್ಲಿ ‘ಗಾಪ್‌ಜಿಲ್’ ಅಂತಾರೆ. ‘ಗಾಪ್’ ಅಂದ್ರೆ ಅಗ್ರಿಮೆಂಟಲ್ಲಿ ಬರೋ ಮೊದಲನೇ ಪಾರ್ಟಿ. (ಬಿಕಾಂನವರಿಗೆ ಬೇಗ ಅರ್ಥ ಆಗುತ್ತೆ!) ಕೆಲಸದ ಜಾಗದ ಕಿರುಕುಳ ತಡೆಯೋಕೆ ತಂದ ಕಾನೂನು ಜುಲೈ 2019ರಿಂದ ಜಾರಿಯಲ್ಲಿದೆ.

ಭಾಗ 6/6: ಈಗ ನಮ್ಮೂರು

ರೂಢಿ ಎರಡು ಥರ. ಒಂದು, ಎದುರಿಗಿರೋರ ಮನಸ್ಸು ನೋಯದಿರಲಿ ಅನ್ನೋದು. ಇನ್ನೊಂದು, ಎದುರಿಗಿರೋರು ತಮ್ಮ ಜಾಗ ಮರೀದಿರಲಿ ಅನ್ನೋದು. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ, ಬಹುವಚನ ಮತ್ತು ಬಗ್ಗಿದ ತಲೆ. ಗುರುತು ಹಿಡಿಯೋಕೆ ಒಂದೇ ಪ್ರಶ್ನೆ ಸಾಕು: ಇದು ಎಲ್ಲರಿಗೂ ಸಿಗುತ್ತಾ?

ನಮ್ಮಲ್ಲಿ ಸಿಗುತ್ತಾ ನೋಡಿ. ಕುಣಿಗಲ್ ಕಡೆ ತೋಟದ ಕೆಲಸಕ್ಕೆ ಬರೋ ಎಪ್ಪತ್ತು ವರ್ಷದ ಅಜ್ಜನನ್ನ ಮಾಲೀಕರ ಮನೆ ಹುಡುಗ ‘ಬಾರೋ’ ಅಂತಾನಾ, ‘ಬನ್ನಿ’ ಅಂತಾನಾ? ಅಜ್ಜ ಆ ಹುಡುಗನಿಗೆ ಏನಂತಾರೆ? ಉತ್ತರ ನಿಮಗೇ ಗೊತ್ತು. ಇದೇ ತುಮಕೂರಲ್ಲಿ ಸಿದ್ಧಗಂಗಾ ಮಠದ ದಾಸೋಹ ಇದೆ. ಜಾತಿ, ಧರ್ಮ ನೋಡದೆ ಮಕ್ಕಳನ್ನ ಒಂದೇ ಸಾಲಲ್ಲಿ ಊಟಕ್ಕೆ ಕೂರಿಸೋ ರೂಢಿಯೂ ನಮ್ಮದೇ.

ಹಾಗಾಗಿ ಕೊರಿಯಾಗೆ ಹೋದ್ರೆ ಎರಡೂ ಕೈಯಲ್ಲಿ ಕೊಡಿ, ಚಪ್ಪಲಿ ಹೊರಗೆ ಬಿಡಿ, ದೊಡ್ಡವರು ಶುರು ಮಾಡೋವರೆಗೂ ಕಾಯಿರಿ. ಆದ್ರೆ ಹೋಟೆಲಲ್ಲಿ ತಟ್ಟೆ ಎತ್ತೋರಿಗೂ ಅದೇ ‘ಜೊಂಡೆನ್‌ಮಾಲ್’ ಬಳಸಿ. ಪ್ರಾಕ್ಟೀಸ್ ಬೇಕಾ? ನಾಳೆ ಬೆಳಿಗ್ಗೆ ಕಾಲೇಜು ಗೇಟಲ್ಲಿ ಕಸ ಗುಡಿಸೋ ಅಮ್ಮನಿಂದಲೇ ಶುರು ಮಾಡಿ.

ನಿಮ್ಮ ಊರಲ್ಲಿ ಯಾರಿಗೆ ‘ನೀವು’ ಸಿಗಲ್ಲ? ಕಾಮೆಂಟಲ್ಲಿ ಬರೀರಿ.

#ಕನ್ನಡದಲ್ಲಿಇತಿಹಾಸ #ತುಮಕೂರು #ಕೊರಿಯಾ