ಯಾವುದು ಜನಪದ ಗೀತೆ? ಒಂದು ತೀರ್ಪಿನ ಮರುವಿಚಾರ

ನಮ್ಮ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕನಾಗಿದ್ದಾಗ ಒಂದು ವರ್ಷ ಜನಪದ ಗೀತೆ ಸ್ಪರ್ಧೆಗೆ ನಾನೇ ತೀರ್ಪುಗಾರ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೀಸುವ ಪದ ಹಾಡಿದಳು. ಹಾಡಿನ ನಡುವೆ ಕರೆಂಟು, ಹಿಟ್ಟಿನ ಗಿರಣಿ ಎಲ್ಲವೂ ಬಂದವು. “ಇದನ್ನ ಯಾರು ಕಟ್ಟಿದ್ದು?” ಎಂದು ಕೇಳಿದೆ. “ಅದಷ್ಟು ನಮ್ಮಜ್ಜಿ ಸೇರಿಸ್ಯಾಳ್ರೀ ಸರ್” ಎಂದಳು. ಕಟ್ಟಿದವರು ಯಾರೆಂದು ಗೊತ್ತಿದೆ, ವಿಷಯವೂ ಹೊಸದು, ಆದ್ದರಿಂದ ಇದು ಜನಪದವಲ್ಲ ಎಂದು ಅಂಕ ಕಡಿಮೆ ಮಾಡಿದೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಬರೆಯಲು ಕುಳಿತಾಗ ಮೊದಲು ನೆನಪಾದದ್ದು ಆ ತೀರ್ಪು. ಅದು ತಪ್ಪೆಂದು ಹೇಳಲು ನಾನು ಪಾಠ ಮಾಡಿದ ಇತಿಹಾಸವೇ ಸಾಕು.

ನಮ್ಮ ಮಕ್ಕಳು ಹತ್ತನೆಯ ತರಗತಿಯಲ್ಲಿ ಓದಿದ ಹಲಗಲಿಯ ಬೇಡರ ಲಾವಣಿಯನ್ನೇ ನೋಡೋಣ. 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಮಾಡಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಕೊಡಲಿಲ್ಲ, ಪ್ರಾಣ ಕೊಟ್ಟರು. ಆ ಕಾಲದ ಜನರಿಗೆ ಇದು ಹಿಟ್ಟಿನ ಗಿರಣಿಯಷ್ಟೇ ಹೊಸ ಸುದ್ದಿ. ಲಾವಣಿಯ ಕೊನೆಯಲ್ಲಿ ಕುರ್ತಕೋಟಿಯ ಕಲ್ಮೇಶನ ಅಂಕಿತವಿದೆ; ಕಟ್ಟಿದವನು ತನ್ನ ಗುರುತು ಬಿಟ್ಟೇ ಹೋಗಿದ್ದಾನೆ. ಆದರೂ ಅದು ಜನಪದವಲ್ಲವೆಂದು ನಾನು ಒಮ್ಮೆಯೂ ಹೇಳಲಿಲ್ಲ.

ಈ ಪ್ರಶ್ನೆಯನ್ನು ವಿದ್ವಾಂಸರೂ ಚರ್ಚಿಸಿದ್ದಾರೆ. 1947ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಜಾನಪದ ಸಂಗೀತ ಪರಿಷತ್ತು 1954ರಲ್ಲಿ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಸೇರಿ ಮೂರು ಲಕ್ಷಣಗಳನ್ನು ಹೇಳಿತು: ಹಿಂದಿನಿಂದ ಬಂದದ್ದರ ಮುಂದುವರಿಕೆ, ಹಾಡುವವರು ಮಾಡುವ ಬದಲಾವಣೆ, ಯಾವುದು ಉಳಿಯಬೇಕೆಂಬ ಸಮುದಾಯದ ಆಯ್ಕೆ. ಒಬ್ಬರೇ ಕಟ್ಟಿದ ಹಾಡೂ ಬಾಯಿಂದ ಬಾಯಿಗೆ ಹೋಗಿ ಜನರಲ್ಲಿ ಬೆರೆತರೆ ಜನಪದವಾಗಬಹುದು. ಸಿದ್ಧವಾಗಿ ಬಂದು ಹಾಗೆಯೇ ಉಳಿದ ಜನಪ್ರಿಯ ಗೀತೆ ಆಗದು.

ಈ ಅಳತೆಯಲ್ಲಿ ಆ ಹುಡುಗಿಯ ಹಾಡನ್ನು ನೋಡಿದರೆ, ತ್ರಿಪದಿಯ ಧಾಟಿ ಹಿಂದಿನಿಂದ ಬಂದದ್ದು. ಗಿರಣಿ ಅಜ್ಜಿ ಮಾಡಿದ ಬದಲಾವಣೆ. ಅದನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬುದು ಓಣಿಯ ಹೆಣ್ಣುಮಕ್ಕಳ ಆಯ್ಕೆ. ಅವರು ಹೇಳಬೇಕಾದ ಮಾತನ್ನು ನಾನು ಮೊದಲೇ ಹೇಳಿಬಿಟ್ಟೆ.

ನಾನು ಎಡವಿದ್ದೆಲ್ಲಿ ಎಂದು ಈಗ ತಿಳಿಯುತ್ತದೆ. ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಆ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಆದರೆ ಅಚ್ಚಾದದ್ದು ಅಂದು ಹಾಡಿದವರ ಬಾಯಲ್ಲಿದ್ದ ರೂಪ. ಅದೇ ಕೊನೆಯ ರೂಪವೆಂದು ತಿಳಿದು, ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ನಾನು ಕಲಬೆರಕೆ ಎಂದುಕೊಂಡಿದ್ದೆ. ಬೀಸುಕಲ್ಲು ಮೂಲೆ ಸೇರಿದ ಮೇಲೂ ಅಜ್ಜಿ ಹಾಡು ಬಿಡದೆ, ಕಲ್ಲನ್ನು ಮೂಲೆಗೆ ತಳ್ಳಿದ ಗಿರಣಿಯನ್ನೇ ಹಾಡಿನೊಳಗೆ ತಂದಿದ್ದರು. ಪರಂಪರೆ ಬದುಕಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಹಿರಿಯರ ಹಾಡುಗಳನ್ನು ತಿದ್ದದೆ, ಹಾಡಿದವರ ಹೆಸರು ಮತ್ತು ದಿನಾಂಕದೊಂದಿಗೆ ಬರೆದು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಆ ವಿದ್ಯಾರ್ಥಿನಿ ಇದನ್ನು ಓದಿದರೆ ಅವಳೂ ಕಳುಹಿಸಲಿ. ಅಂದು ನಾನು ಅಂಕ ಬರೆದುಕೊಂಡೆ, ಹಾಡನ್ನು ಬರೆದುಕೊಳ್ಳಲಿಲ್ಲ.